ಇಬ್ಬನಿ ಕವಿದ ಮುಂಗಾಜು

ಧನುರ್ಮಾಸದ ಬೆಳಗಿನ ಐದೂವರೆ. ಕೊರಟಗೆರೆಯಲ್ಲಿ ದೇವಸ್ಥಾನದ ಮೈಕು ಎದ್ದಿರುತ್ತದೆ, ಸೂರ್ಯ ಎದ್ದಿರುವುದಿಲ್ಲ. ರಾತ್ರಿಯೆಲ್ಲ ಬಯಲಿನಲ್ಲಿ ನಿಂತ ಬಸ್ಸಿನ ಬಂಪರಿನ ಮೇಲೆ ಒಂದು ಕಾಲಿಟ್ಟು, ಹಳೆಯ ಪಂಚೆಯ ತುಂಡು ಹಿಡಿದು ಚಾಲಕ ಗಾಜು ಒರೆಸುತ್ತಿರುತ್ತಾನೆ. ಒಳಗೆ ಕಿವಿಗೆ ಟವೆಲ್ಲು ಸುತ್ತಿಕೊಂಡು ಕೂತ ಹಿರಿಯರೊಬ್ಬರಿಗೆ ಅವಸರ.

‘ಹೊರಡಪ್ಪ, ಟೈಮಾಯ್ತು.’

‘ಹಿಮ ಬಿದ್ದೈತೆ ಯಜಮಾನ್ರೇ. ಗಾಜು ಕಾಣ್ದೆ ಎಲ್ಲಿಗೆ ಅಂತ ಹೊರಡ್ಲಿ?’

ಹಿಮಾಲಯವನ್ನು ಕ್ಯಾಲೆಂಡರಿನಲ್ಲಿ ಮಾತ್ರ ಕಂಡ ಸೀಮೆಯಲ್ಲಿ ‘ಹಿಮ’ ಎಂಬ ಮಾತು ಹೊಸಬರಿಗೆ ಸೋಜಿಗವೆನಿಸಬಹುದು. ಇಲ್ಲಿನವರ ಬಾಯಲ್ಲಿ ಹಿಮವೆಂದರೆ ಇಬ್ಬನಿ. ಹಿಮ ಬಿದ್ದರೆ ಅವರೆಕಾಯಿಗೆ ಸೊಗಡು ಕೂಡುತ್ತದೆ, ಹಿಮದಲ್ಲಿ ಓಡಾಡಿದರೆ ಮಕ್ಕಳಿಗೆ ನೆಗಡಿ ಹತ್ತುತ್ತದೆ. ಅದೇ ಹಿಮ ಬಸ್ಸಿನ ಮುಂಗಾಜಿನ ಮೇಲೆ ಕೂತಾಗ ಐವತ್ತು ಜನರ ಪ್ರಾಣ ಚಾಲಕ ಒರೆಸಿಕೊಂಡ ಅಂಗೈಯಗಲದ ಕಿಂಡಿಯ ಮೇಲೆ ನಿಂತಿರುತ್ತದೆ.

ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ಈ ನಾಲ್ಕೂ ತುಮಕೂರು ಜಿಲ್ಲೆಯ ತಾಲ್ಲೂಕುಗಳು. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ನಾಲ್ಕೂ ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಬಿಸಿಲಿಗೆ ಹೆಸರಾದ ಬಯಲುಸೀಮೆ. ಇಲ್ಲಿನ ಊರುಗಳ ಬಗ್ಗೆ ಬರೆಯುವವರು ಬರ, ಬೋರ್‌ವೆಲ್, ಬಂಡೆ ಇವುಗಳನ್ನು ಬಿಟ್ಟು ಬೇರೆ ಬರೆದದ್ದು ಕಡಿಮೆ. ಆದರೆ ಡಿಸೆಂಬರ್ ನಡುವಿನಿಂದ ಸಂಕ್ರಾಂತಿ ದಾಟುವವರೆಗೆ ಬೆಳಗಿನ ಏಳರೊಳಗೆ ಈ ದಾರಿಗಳಲ್ಲಿ ಹೋದವರು ಬೇರೆಯದೇ ಸೀಮೆ ಕಾಣುತ್ತಾರೆ. ಹುಣಸೆಮರಗಳು ಬುಡವಿಲ್ಲದೆ ತೇಲುತ್ತವೆ. ಕೆರೆ ಏರಿಯ ಮೇಲಿನ ರಸ್ತೆ ಎರಡು ಮಾರು ದೂರಕ್ಕೆ ಮುಗಿದುಹೋದಂತೆ ಕಾಣುತ್ತದೆ.

ಕೊರಟಗೆರೆಯ ನೆಲದಲ್ಲಿ ಇದಕ್ಕೆ ಅನುಕೂಲ ಹೆಚ್ಚು. ದೇವರಾಯನದುರ್ಗದ ಬೆಟ್ಟಗಳಲ್ಲಿ ಹುಟ್ಟಿದ ಜಯಮಂಗಲಿ ಇತ್ತ ಹರಿದು ಬರುತ್ತದೆ. ಗೊರವನಹಳ್ಳಿಯ ಮಹಾಲಕ್ಷ್ಮಿ ದೇವಸ್ಥಾನದ ಬಳಿ ತೀತಾ ಜಲಾಶಯವಿದೆ, ಸುತ್ತ ಅಡಿಕೆ ತೆಂಗಿನ ತೋಟಗಳಿವೆ, ಒಂದು ಕಡೆ ಸಿದ್ಧರಬೆಟ್ಟ, ಇನ್ನೊಂದು ಕಡೆ ಚನ್ನರಾಯನದುರ್ಗ. ತಣ್ಣನೆಯ ಗಾಳಿ ಭಾರ. ರಾತ್ರಿಯ ಹೊತ್ತು ಅದು ಬೆಟ್ಟದ ಇಳಿಜಾರಿನಿಂದ ಮೆಲ್ಲಗೆ ಜಾರಿ ತಗ್ಗಿನ ಗದ್ದೆ, ತೋಟ, ಕೆರೆಯಂಗಳಗಳಲ್ಲಿ ನೀರಿನಂತೆಯೇ ನಿಲ್ಲುತ್ತದೆ. ಅಲ್ಲಿ ತೇವವೂ ಇರುವುದರಿಂದ ಮಂಜು ಮೊದಲು ಹುಟ್ಟುವುದು ತಗ್ಗಿನಲ್ಲಿ. ಶುಕ್ರವಾರ ಮುಂಜಾನೆ ಗೊರವನಹಳ್ಳಿಗೆ ಕಾರಿನಲ್ಲಿ ಹೊರಟ ಭಕ್ತರಿಗೆ ದಿಣ್ಣೆಯ ಮೇಲೆ ಆಕಾಶ ತಿಳಿಯಾಗಿಯೂ ತಗ್ಗಿಗೆ ಇಳಿದೊಡನೆ ಬಿಳಿಯ ಗೋಡೆಯೂ ಎದುರಾಗುವುದು ಇದರಿಂದಲೇ.

ಮಂಜು ಬೇರೆ, ಇಬ್ಬನಿ ಬೇರೆ. ಮಂಜು ಗಾಳಿಯಲ್ಲೇ ತೇಲುವ ಸಣ್ಣ ಹನಿ. ಅದಕ್ಕೆ ಗಾಜು ಒರೆಸಿ ಪ್ರಯೋಜನವಿಲ್ಲ. ನಿಧಾನವಾಗಿ ಹೋಗುವುದು, ದೀಪವನ್ನು ಕೆಳಮುಖ ಮಾಡುವುದು, ಇಲ್ಲವೇ ಪಕ್ಕಕ್ಕೆ ನಿಲ್ಲಿಸಿ ಒಂದು ಟೀ ಕುಡಿಯುವುದು, ಇಷ್ಟೇ ಉಪಾಯ. ಇಬ್ಬನಿ ಗಾಜಿನ ಮೇಲೆಯೇ ಹುಟ್ಟುವುದು. ‘ಬೀಳುತ್ತದೆ’ ಎನ್ನುವುದು ನಮ್ಮ ಮಾತಿನ ರೂಢಿ ಅಷ್ಟೆ. ಒಂದು ಘನ ಮೀಟರ್ ಗಾಳಿ 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿದುಕೊಳ್ಳಬಲ್ಲದು. 10 ಡಿಗ್ರಿಗೆ ಇಳಿದರೆ 9 ಗ್ರಾಂ ಚಿಲ್ಲರೆ ಮಾತ್ರ. ಉಳಿದದ್ದು ಎಲ್ಲಾದರೂ ಕೂರಬೇಕು. ಯಾವುದು ಹೆಚ್ಚು ತಣ್ಣಗಿದೆಯೋ ಅದರ ಮೇಲೆ ಕೂರುತ್ತದೆ.

ಹಾಗಾದರೆ ಗಾಜು ಸುತ್ತಲಿನ ಗಾಳಿಗಿಂತ ತಣ್ಣಗಾಗುವುದು ಹೇಗೆ? ಈ ಪ್ರಶ್ನೆಗೆ ನೇರವಾದ ಉತ್ತರ ಹುಡುಕಿದವನು ಲಂಡನ್ನಿನ ವೈದ್ಯ ವಿಲಿಯಂ ಚಾರ್ಲ್ಸ್ ವೆಲ್ಸ್. ರಾತ್ರಿಗಳಲ್ಲಿ ತೋಟದಲ್ಲಿ ಉಣ್ಣೆಯ ಎಳೆಗಳನ್ನಿಟ್ಟು, ಮರುದಿನ ತೂಗಿ, ಇಬ್ಬನಿಯ ಮೇಲೆ ಅವನು ಬರೆದ ಪ್ರಬಂಧ 1814ರಲ್ಲಿ ಪ್ರಕಟವಾಯಿತು. ಬಯಲಿನಲ್ಲಿಟ್ಟ ವಸ್ತು ತನ್ನ ಶಾಖವನ್ನು ಕಣ್ಣಿಗೆ ಕಾಣದ ಕಿರಣಗಳಾಗಿ ಆಕಾಶಕ್ಕೆ ಬಿಟ್ಟುಕೊಡುತ್ತಿರುತ್ತದೆ. ಮೋಡವಿದ್ದರೆ ಅದು ಕಂಬಳಿಯಂತೆ ಆ ಶಾಖದ ಬಹುಪಾಲನ್ನು ಹಿಂದಕ್ಕೆ ಕೊಡುತ್ತದೆ. ನಕ್ಷತ್ರಗಳು ಮಿಣಮಿಣ ಎನ್ನುವ ತಿಳಿ ಆಕಾಶ ಕೊಡುವುದು ಸ್ವಲ್ಪವೇ. ಕೊಟ್ಟದ್ದು ಹೆಚ್ಚು, ಬಂದದ್ದು ಕಡಿಮೆ. ಹೀಗಾಗಿ ಆಕಾಶಕ್ಕೆ ಮುಖ ಮಾಡಿದ ಗಾಜು, ತಗಡು, ಹುಲ್ಲಿನ ಎಸಳು ಸುತ್ತಲಿನ ಗಾಳಿಗಿಂತ ಹಲವು ಡಿಗ್ರಿ ತಣ್ಣಗಾಗುತ್ತವೆ. ಬಸ್ಸಿನ ಪಕ್ಕದ ಕಿಟಕಿಗಳು ನೆಟ್ಟಗೆ ನಿಂತಿರುತ್ತವೆ. ಅವು ನೋಡುವುದು ಅರ್ಧ ಆಕಾಶ, ಅರ್ಧ ನೆಲ. ಕಾರಿನ ಮುಂಗಾಜು ಒರಗಿ ಮಲಗಿದಂತಿರುವುದರಿಂದ ಆಕಾಶವನ್ನೇ ಹೆಚ್ಚು ನೋಡುತ್ತದೆ. ಹೊಸ ಮಾದರಿಯ ಕಾರುಗಳಲ್ಲಿ ಈ ಒರಗು ಇನ್ನೂ ಹೆಚ್ಚು, ಇಬ್ಬನಿಯೂ ಹೆಚ್ಚು. ಚಂದಕ್ಕೆ ತೆರುವ ಬೆಲೆ ಎನ್ನಬಹುದು.

ಇಷ್ಟು ತಿಳಿದರೆ ಮೊದಲ ಉಪಾಯ ತಾನಾಗಿಯೇ ಹೊಳೆಯುತ್ತದೆ. ಗಾಜಿಗೆ ಆಕಾಶ ಕಾಣಿಸಬಾರದು. ಮಧುಗಿರಿಯ ಹಳ್ಳಿಗಳಲ್ಲಿ ಟ್ರ್ಯಾಕ್ಟರು, ಟೆಂಪೋಗಳನ್ನು ರಾತ್ರಿ ಹುಣಸೆಮರದ ಕೆಳಗೋ ಕೊಟ್ಟಿಗೆಯ ಚಾಚು ಮಾಡಿನ ಕೆಳಗೋ ನಿಲ್ಲಿಸುವವರು ಪುಸ್ತಕ ಓದಿ ಕಲಿತವರಲ್ಲ. ಮರವೆಂಬುದು ರಾತ್ರಿಯ ಹೊತ್ತಿಗೆ ಒಂದು ಮೋಡ. ಪರೀಕ್ಷಿಸಬೇಕೆನ್ನುವವರು ಒಂದೇ ಅಳತೆಯ ಎರಡು ಗಾಜಿನ ತುಂಡುಗಳನ್ನು ತಿಳಿ ಆಕಾಶದ ರಾತ್ರಿ ಒಂದನ್ನು ಅಂಗಳದ ನಡುವೆ, ಇನ್ನೊಂದನ್ನು ಮರದ ಕೆಳಗೆ ಇಟ್ಟು ಬೆಳಿಗ್ಗೆ ನೋಡಬಹುದು. ಹೈಸ್ಕೂಲಿನ ಮಕ್ಕಳಿಗೆ ಇದಕ್ಕಿಂತ ಅಗ್ಗದ ಪ್ರಯೋಗ ಸಿಗಲಾರದು. ಮರವಿಲ್ಲದಿದ್ದರೆ ಗೋಣಿತಾಟು ಸಾಕು. ಆಗ ಇಬ್ಬನಿ ಕೂರುವುದು ತಾಟಿನ ಮೇಲೆ, ಗಾಜಿನ ಮೇಲಲ್ಲ. ಪತ್ರಿಕೆಯ ಹಾಳೆ ಹೊದಿಸುವವರೂ ಉಂಟು. ಬೆಳಿಗ್ಗೆ ಅದು ನೆನೆದು ಅಂಟಿಕೊಂಡು, ಮುಖ್ಯಮಂತ್ರಿಗಳ ಭಾಷಣವನ್ನು ಉಗುರಿನಿಂದ ಕೆರೆಯಬೇಕಾಗುತ್ತದೆ.

ಮಧುಗಿರಿಯೆಂದರೆ ಬೆಟ್ಟ. ಊರಿನ ಮೇಲೆ ಎದ್ದುನಿಂತ ಏಕಶಿಲೆ, ಅದರ ಮೈಮೇಲೆ ಕೋಟೆ, ತುದಿ ಸಮುದ್ರಮಟ್ಟದಿಂದ 3,930 ಅಡಿ ಎತ್ತರ. ಚಳಿಗಾಲದ ಬೆಳಿಗ್ಗೆ ಮೇಲಿನ ಬಂಡೆಗೆ ಬಿಸಿಲು ತಾಗಿ ಕೆಂಪಾಗಿದ್ದರೂ ಕೆಳಗಿನ ಬೀದಿಗಳಲ್ಲಿ ದೀಪ ಹೊತ್ತಿಸಿಕೊಂಡೇ ವಾಹನಗಳು ಓಡಾಡುತ್ತಿರುತ್ತವೆ. ಇಲ್ಲಿಂದ ಗೌರಿಬಿದನೂರಿನ ಕಡೆಗೆ ಹೋಗುವ ಬಸ್ಸು ಪೂರ್ವಕ್ಕೆ ಮುಖ ಮಾಡಿ ಹೊರಡುತ್ತದೆ. ಅರೆಬರೆ ಒರೆಸಿದ ಗಾಜಿನ ಮೇಲೆ ಎದುರಿನಿಂದ ಎಳೆಬಿಸಿಲು ಬಿದ್ದಾಗ ಒಂದೊಂದು ಹನಿಯೂ ಒಂದೊಂದು ಪುಟ್ಟ ಮಸೂರವಾಗುತ್ತದೆ. ಬೆಳಕು ಚೆಲ್ಲಾಪಿಲ್ಲಿಯಾಗಿ ಗಾಜೆಲ್ಲ ಬೆಳ್ಳಗೆ ಹೊಳೆಯುತ್ತದೆ. ಅದರಾಚೆಗಿನ ರಸ್ತೆ ಇಲ್ಲದಂತಾಗುತ್ತದೆ. ಕತ್ತಲಿಗಿಂತ ಈ ಬೆಳಕೇ ಅಪಾಯ.

ಅಪಾಯಕ್ಕೆ ಇಲ್ಲಿ ಇನ್ನೊಂದು ಕಾರಣವೂ ಇದೆ. ಇದು ಒಕ್ಕಣೆಯ ಕಾಲ. ಸಗಣಿ ಸಾರಿಸಿದ ಕಣಗಳು ಹಳ್ಳಿಗಳಲ್ಲಿ ಅಪರೂಪವಾಗಿ, ಟಾರು ರಸ್ತೆಯೇ ಕಣವಾಗಿ ಎಷ್ಟೋ ಕಾಲವಾಯಿತು. ರಾಗಿ ಮೆದೆ, ಹುರುಳಿ ಗಿಡಗಳನ್ನು ರಸ್ತೆಗೆ ಹರಡುತ್ತಾರೆ; ಬಸ್ಸು ಲಾರಿಗಳ ಚಕ್ರವೇ ರೋಣಗಲ್ಲು. ರಾತ್ರಿ ಅದನ್ನು ರಸ್ತೆಯಂಚಿಗೆ ಗುಡ್ಡೆ ಹಾಕಿ, ವಾಹನ ಹತ್ತದಿರಲೆಂದು ಸುತ್ತ ತಲೆಗಾತ್ರದ ಕಲ್ಲುಗಳನ್ನಿಟ್ಟು ಮನೆಗೆ ಹೋಗುತ್ತಾರೆ. ಇಬ್ಬನಿ ಕುಡಿದ ಹುರುಳಿ ಸೊಪ್ಪು ಚಕ್ರದಡಿ ಜಾರುತ್ತದೆ. ಗಾಜಿನ ಕಿಂಡಿಯಲ್ಲಿ ನೇರ ಮುಂದಿನದು ಕಂಡೀತು. ಎಡಗಡೆಯ ಕಲ್ಲಾಗಲಿ, ಕಲ್ಲಿನ ಪಕ್ಕ ಕಂಬಳಿ ಹೊದ್ದು ಕಾವಲು ಕೂತ ರೈತನಾಗಲಿ ಕಾಣುವುದಿಲ್ಲ. ಬೈಕಿನವರ ಪಾಡೂ ಇದೇ. ಹೆಲ್ಮೆಟ್ಟಿನ ಗಾಜು ಒಳಗಿನ ಉಸಿರಿಗೆ ಮಸುಕಾದರೆ ಎತ್ತಿ ಹಿಡಿದು, ಚಳಿಗಾಳಿಗೆ ನೀರು ಸುರಿಸುವ ಕಣ್ಣಿನಿಂದಲೇ ಓಡಿಸುತ್ತಾರೆ. ಒಕ್ಕಣೆಯವರನ್ನು ದೂರುವುದು ಸುಲಭ. ಆದರೆ ಗಾಜನ್ನು ಪೂರ್ತಿ ಒರೆಸಲು ಬೇಕಾದ್ದು ಐದೇ ನಿಮಿಷ.

ಒರೆಸುವುದರಲ್ಲೂ ಒಂದು ಗೊಂದಲವಿದೆ. ಬಸ್ಸು ಹೊರಟು ಎರಡು ಮೈಲಿ ಹೋಗುವಷ್ಟರಲ್ಲಿ ಗಾಜು ಮತ್ತೆ ಮಬ್ಬಾಗುತ್ತದೆ. ವೈಪರ್ ಹಾಕಿದರೆ ಹೋಗುವುದಿಲ್ಲ. ಹೋಗುವುದಾದರೂ ಹೇಗೆ, ಅದು ಹೊರಗಿನದಲ್ಲ. ಚಳಿಗೆ ಕಿಟಕಿಗಳನ್ನೆಲ್ಲ ಮುಚ್ಚಿಕೊಂಡು ಕೂತ ಐವತ್ತು ಜನರ ಉಸಿರು ಗಂಟೆಗೆ ಅರ್ಧ ಲೀಟರಿಗೂ ಮೀರಿದ ನೀರನ್ನು ಆವಿಯಾಗಿ ಗಾಳಿಗೆ ಸೇರಿಸುತ್ತದೆ. ಸಂತೆಗೆ ಹೊರಟ ಒದ್ದೆ ಸೊಪ್ಪಿನ ಮೂಟೆಗಳ ಲೆಕ್ಕ ಬೇರೆ. ಅದೆಲ್ಲ ತಣ್ಣನೆಯ ಮುಂಗಾಜಿನ ಒಳಮೈಗೆ ಬಂದು ಕೂರುತ್ತದೆ. ಬೆರಳಿನಿಂದ ಒಳಗೆ ಗೀರಿ ನೋಡಿದರೆ ಯಾವ ಕಡೆಯದೆಂದು ತಿಳಿಯುತ್ತದೆ. ಒಳಗಿನದಾದರೆ ಮದ್ದು ಒಂದೇ: ಮುಂದೊಂದು ಹಿಂದೊಂದು ಕಿಟಕಿಯನ್ನು ನಾಲ್ಕು ಬೆರಳು ತೆರೆಯುವುದು. ಪ್ರಯಾಣಿಕರು ಗೊಣಗುತ್ತಾರೆ, ಗೊಣಗಲಿ. ಕಾರಿನಲ್ಲಿ ಎಸಿ ಇದ್ದರೆ ಅದು ಗಾಳಿಯ ತೇವವನ್ನು ಹಿಂಡಿ ತೆಗೆಯುತ್ತದೆ. ಚಳಿಯಲ್ಲಿ ಎಸಿ ಏಕೆಂದು ಕೇಳುವವರಿಗೆ ಇದೇ ಉತ್ತರ. ಹೀಟರನ್ನೂ ಜೊತೆಗೆ ಹಾಕಿ, ಗಾಳಿಯನ್ನು ಗಾಜಿನ ಕಡೆಗೆ ತಿರುಗಿಸಿ, ಹೊರಗಿನ ಗಾಳಿ ಒಳಬರುವಂತೆ ಇಟ್ಟರೆ ಒಂದೆರಡು ನಿಮಿಷದಲ್ಲಿ ಗಾಜು ತಿಳಿಯಾಗುತ್ತದೆ. ಮಳೆಗಾಲದ ಸೆಕೆಯಲ್ಲಿ ಇದು ತಲೆಕೆಳಗು. ಎಸಿಯಿಂದ ಕೊರೆಯುವಂತಾದ ಗಾಜಿನ ಹೊರಮೈ ಮಬ್ಬಾಗುತ್ತದೆ. ಆಗ ವೈಪರ್ ಹಾಕಿ ತಂಪನ್ನು ತಗ್ಗಿಸಬೇಕು.

ಮಧುಗಿರಿಯಿಂದ ಪಶ್ಚಿಮಕ್ಕೆ ಹೊರಟರೆ ಶಿರಾ. ಬೆಂಗಳೂರು-ಪುಣೆ ಹೆದ್ದಾರಿ, ಹಿಂದೆ 4 ಎಂದಿದ್ದು ಈಗ 48 ಎಂಬ ಸಂಖ್ಯೆ ಹೊತ್ತದ್ದು, ಇಲ್ಲಿ ಹಾಯುತ್ತದೆ. ನಸುಕಿನಲ್ಲಿ ಡಾಬಾಗಳ ಮುಂದೆ ಸಾಲಾಗಿ ನಿಂತ ಲಾರಿಗಳ ನಡುವೆ ತಿರುಗಿದರೆ ಗಾಜಿನ ಔಷಧಶಾಲೆಯೇ ಸಿಗುತ್ತದೆ. ಒಬ್ಬರು ಹೊಗೆಸೊಪ್ಪನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿ ಉಜ್ಜುತ್ತಾರೆ. ಇನ್ನೊಬ್ಬರಿಗೆ ಹೆಚ್ಚಿದ ಆಲೂಗಡ್ಡೆಯ ಹೋಳಿನ ಮೇಲೆ ನಂಬಿಕೆ. ಕಿರಿಯರ ಕೈಯಲ್ಲಿ ಶಾಂಪೂ ಪೊಟ್ಟಣ. ಇವೆಲ್ಲ ಮೂಢನಂಬಿಕೆಯೇ? ಅಲ್ಲ. ಶುಭ್ರವಲ್ಲದ ಗಾಜಿನ ಮೇಲೆ ನೀರು ಮುತ್ತಿನಂತೆ ಗುಂಡಾಗಿ ಕೂರುತ್ತದೆ, ಆ ಗುಂಡು ಹನಿಗಳೇ ಬೆಳಕನ್ನು ಚದುರಿಸುವುದು. ಸಾಬೂನು, ಶಾಂಪೂ, ಸೊಪ್ಪಿನ ರಸ ಇವು ಬಿಟ್ಟುಹೋಗುವ ತೆಳುಪದರದ ಮೇಲೆ ನೀರು ಗುಂಡಾಗದೆ ಹಾಸಿಕೊಳ್ಳುತ್ತದೆ. ಹಾಸಿಕೊಂಡ ನೀರಿನ ಮೂಲಕ ರಸ್ತೆ ಕಾಣುತ್ತದೆ. ನೀರು ಅಲ್ಲೇ ಇದೆ, ಆಕಾರ ಮಾತ್ರ ಬದಲಾಗಿದೆ. ಕನ್ನಡಕದವರೂ ಒಂದು ಹನಿ ಸಾಬೂನು ನೀರು ಸವರಿ ಒಣಬಟ್ಟೆಯಲ್ಲಿ ಒರೆಸಿಕೊಳ್ಳಬಹುದು. ಡೀಸೆಲ್ ಅದ್ದಿದ ಬಟ್ಟೆಯಿಂದ ಒರೆಸುವುದು ಮಾತ್ರ ಬೇಡವೇ ಬೇಡ. ಹಗಲು ಚೊಕ್ಕಟವಾಗಿ ಕಂಡರೂ ರಾತ್ರಿ ಎದುರು ದೀಪ ಬಿದ್ದಾಗ ಆ ಎಣ್ಣೆಯ ಪೊರೆ ಕಣ್ಣು ಕುಕ್ಕುತ್ತದೆ.

ಅಂದಹಾಗೆ, ವೈಪರ್ ಎಂಬ ಸಾಧನ ಹುಟ್ಟಿದ್ದೂ ಚಳಿಯಿಂದಲೇ. ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್ ಎಂಬಾಕೆ ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋಗಿದ್ದಾಗ, ಟ್ರಾಮಿನ ಚಾಲಕ ಹಿಮಮಳೆಯಲ್ಲಿ ಗಾಜು ತೆರೆದುಕೊಂಡು ನಡುಗುತ್ತ ಓಡಿಸುವುದನ್ನು ಕಂಡಳು. ಒಳಗಿನಿಂದಲೇ ಹಿಡಿ ತಿರುಗಿಸಿ ಹೊರಗಾಜು ಒರೆಸುವ ಅವಳ ಸಾಧನಕ್ಕೆ 1903ರ ನವೆಂಬರಿನಲ್ಲಿ ಪೇಟೆಂಟ್ ಸಿಕ್ಕಿತು. ಆಗ ಅದನ್ನು ಕೊಳ್ಳುವವರು ಸಿಗಲಿಲ್ಲ.

ಶಿರಾ ಬರಿಯ ಹೆದ್ದಾರಿಯ ಊರಲ್ಲ. 1687ರಿಂದ ಮೊಗಲರ ಸುಬೆಯ ಕೇಂದ್ರವಾಗಿದ್ದ ಊರು. 1651ರ ಮಲ್ಲಿಕ್ ರಿಹಾನನ ಗೋರಿ, 1696ರ ಜುಮ್ಮಾ ಮಸೀದಿ ಇಂದಿಗೂ ನಿಂತಿವೆ. ಮೊಗಲರ ನೆನಪಿನೊಂದಿಗೆ ಉತ್ತರದ ಅಲಹಾಬಾದಿನ ಒಂದು ಸಂಗತಿಯನ್ನೂ ಹೇಳಬೇಕು. ಫ್ರಿಜ್ಜಿಲ್ಲದ ಕಾಲದಲ್ಲಿ ಅಲ್ಲಿ ಮಂಜುಗಡ್ಡೆ ತಯಾರಿಸುತ್ತಿದ್ದ ಬಗೆಯನ್ನು ರಾಬರ್ಟ್ ಬಾರ್ಕರ್ ಎಂಬಾತ 1775ರಲ್ಲಿ ವರ್ಣಿಸಿದ್ದಾನೆ. ಸುಮಾರು ಎರಡಡಿ ಆಳದ ಅಗಲ ಗುಂಡಿ ತೋಡಿ, ತಳಕ್ಕೆ ಒಣಗಿದ ಕಬ್ಬಿನ ಕಡ್ಡಿ, ಜೋಳದ ದಂಟು ಹಾಸಿ, ಮೇಲೆ ತೆಳ್ಳನೆಯ ಮಣ್ಣಿನ ತಟ್ಟೆಗಳಲ್ಲಿ ನೀರಿಡುತ್ತಿದ್ದರು. ಗಾಳಿಯಾಡದ ತಿಳಿರಾತ್ರಿ ಕಳೆದು ಬೆಳಗಾಗುವಾಗ ತಟ್ಟೆಯಲ್ಲಿ ಮಂಜುಗಡ್ಡೆ! ಗಾಳಿ ಸೊನ್ನೆ ಡಿಗ್ರಿಗೆ ಇಳಿಯದಿದ್ದರೂ ತಟ್ಟೆಯ ನೀರು ಹೆಪ್ಪುಗಟ್ಟುತ್ತಿತ್ತು. ಹುಲ್ಲು ನೆಲದ ಶಾಖವನ್ನು ತಡೆಯಿತು, ಆಕಾಶ ನೀರಿನ ಶಾಖವನ್ನು ಎಳೆದುಕೊಂಡಿತು. ಕೊರಟಗೆರೆಯ ಬಸ್ಸಿನ ಗಾಜಿಗೆ ಆಗುವುದೂ ಇದೇ, ಪ್ರಮಾಣದಲ್ಲಷ್ಟೇ ಕಡಿಮೆ.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಗಾಜಿನ ಮೇಲಿನ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿಯಿಲ್ಲ. ಅದನ್ನು ಕಾಣಬೇಕಾದವರು ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋಗಬೇಕು. ಡಿಸೆಂಬರ್, ಜನವರಿಯ ಕೆಲವು ಬೆಳಿಗ್ಗೆ ಅಲ್ಲಿನ ಹುಲ್ಲುಗಾವಲಿನ ಮೇಲೆ ಉಪ್ಪು ಚೆಲ್ಲಿದಂತಿರುತ್ತದೆ. ರಾತ್ರಿ ಬಯಲಿನಲ್ಲಿ ನಿಲ್ಲಿಸಿದ ಕಾರಿನ ಗಾಜು ಉಜ್ಜು ಕಾಗದದಂತಾಗಿರುತ್ತದೆ. ಶಿಕಾಗೋದಲ್ಲೋ ಟೊರಾಂಟೋದಲ್ಲೋ ಇರುವ ಮಕ್ಕಳ ಮನೆಗೆ ಹೋದ ಹಿರಿಯರಿಗೆ ಇದು ದಿನನಿತ್ಯದ ನೋಟ. ಅವರಿಗೆ ಮೊದಲು ಹೊಳೆಯುವುದು ಊರಿನ ಬಚ್ಚಲ ಹಂಡೆ, ಒಂದು ತಂಬಿಗೆ ಬಿಸಿನೀರು ಹುಯ್ದರಾಯಿತಲ್ಲ! ಹುಯ್ಯಬಾರದು. ಬಿಸಿ ತಾಗಿದ ಭಾಗ ಹಿಗ್ಗಿ, ಪಕ್ಕದ ಭಾಗ ಹಿಗ್ಗದೆ, ಗಾಜು ಸೀಳುತ್ತದೆ. ಮೊದಲೇ ಕಲ್ಲೇಟಿನ ಚುಕ್ಕೆಯಿದ್ದರಂತೂ ಸೀಳು ಖಂಡಿತ. ಸೀಳದಿದ್ದರೂ ಹುಯ್ದ ನೀರೇ ಮತ್ತೆ ಗಟ್ಟಿಯಾಗುತ್ತದೆ. ಅಲ್ಲಿನವರು ಪ್ಲಾಸ್ಟಿಕ್ ಹೆರೆಗತ್ತಿಯಿಂದ ಕೆರೆಯುತ್ತಾರೆ. ಎರಡು ಪಾಲು ಐಸೊಪ್ರೊಪೈಲ್ ಆಲ್ಕೊಹಾಲಿಗೆ ಒಂದು ಪಾಲು ನೀರು ಬೆರೆಸಿ ಚಿಮುಕಿಸುವುದೂ ಉಂಟು. ಆ ಆಲ್ಕೊಹಾಲು ಹೆಪ್ಪುಗಟ್ಟಲು ಸೊನ್ನೆಗಿಂತ 89 ಡಿಗ್ರಿ ಕೆಳಗಿಳಿಯಬೇಕಾದ್ದರಿಂದ ಅದರೊಡನೆ ಬೆರೆತ ಹಿಮ ಕರಗುತ್ತದೆ. ಮುಚ್ಚಿದ ಗ್ಯಾರೇಜಿನೊಳಗೆ ಎಂಜಿನ್ ಓಡಿಸಿ ಗಾಜು ಬಿಸಿ ಮಾಡುವುದು ಎಲ್ಲಕ್ಕಿಂತ ಕೆಟ್ಟ ಉಪಾಯ. ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಶಿರಾದಿಂದ ಈಶಾನ್ಯಕ್ಕೆ ತಿರುಗಿದರೆ ಪಾವಗಡ. ಶನಿಮಹಾತ್ಮನ ಊರು, ನಿಡಗಲ್ಲಿನ ಕೋಟೆಯ ಸೀಮೆ, ಬಹುಪಾಲು ಸುತ್ತಲೂ ಆಂಧ್ರ. ತೋಟಗಳು ಹಿಂದೆ ಬಿದ್ದು ಕುರುಚಲು, ಕಡಲೆಕಾಯಿಯ ಖಾಲಿ ಹೊಲ, ಗುಂಡುಬಂಡೆ ಮುಂದೆ ಬರುತ್ತವೆ. ಗಾಳಿಯಲ್ಲಿ ತೇವ ಕಡಿಮೆ, ಧೂಳು ಹೆಚ್ಚು. ಹಾಗಾಗಿ ಇಲ್ಲಿನ ಗಾಜಿನ ಸಮಸ್ಯೆಯೇ ಬೇರೆ. ಹಗಲು ಕೂತ ಧೂಳಿಗೆ ರಾತ್ರಿ ಒಂದಿಷ್ಟು ಇಬ್ಬನಿ ಸೇರಿ ಕೆಸರಾಗುತ್ತದೆ, ಬಿಸಿಲೇರಿದಾಗ ಕೆಸರು ಒಣಗಿ ಅಂಟುತ್ತದೆ. ಅದರ ಮೇಲೆ ಒಣ ವೈಪರ್ ಎಳೆದರೆ ಗಾಜಿಗೆ ಗೀರು ಬೀಳುತ್ತದೆ. ಈ ಸೀಮೆಯ ಕಲ್ಲಿನ ಧೂಳಿನಲ್ಲಿ ಬೆಣಚುಕಲ್ಲಿನ ಕಣಗಳಿರುತ್ತವೆ. ಗಡಸುತನದ ಮೋಸ್ ಮಾಪಕದಲ್ಲಿ ಬೆಣಚಿಗೆ 7, ಗಾಜಿಗೆ ಸುಮಾರು ಐದೂವರೆ. ಮೊದಲು ನೀರು ಸುರಿದು ಧೂಳನ್ನು ಇಳಿಸಬೇಕು, ಆಮೇಲೆ ಒರೆಸಬೇಕು.

ಯಾವ ನೀರು ಎಂಬುದು ಪಾವಗಡದಲ್ಲಿ ಸಣ್ಣ ಪ್ರಶ್ನೆಯಲ್ಲ. ಇಲ್ಲಿನ ಅಂತರ್ಜಲದ ಫ್ಲೋರೈಡ್ ಹಲ್ಲು, ಮೂಳೆಗಳ ಮೇಲೆ ಮಾಡಿದ ಕೇಡು ಊರೂರಿಗೆ ಗೊತ್ತು. ಗಾಜಿಗೆ ಫ್ಲೋರೈಡಿನ ಚಿಂತೆಯಿಲ್ಲ. ಅದಕ್ಕೆ ತೊಂದರೆ ಗಡಸು ನೀರಿನ ಸುಣ್ಣದ್ದು. ಬೋರ್‌ವೆಲ್ ನೀರಿನಲ್ಲಿ ತೊಳೆದು ಹಾಗೇ ಬಿಸಿಲಿಗೆ ಬಿಟ್ಟರೆ ಬಿಳಿಯ ಚುಕ್ಕೆಗಳು ಉಳಿಯುತ್ತವೆ. ತೊಳೆದೊಡನೆ ಒಣಬಟ್ಟೆಯಿಂದ ಒರೆಸಬೇಕು. ಕಲೆ ಕೂತಾಗಿದ್ದರೆ ನಿಂಬೆರಸ ಬಿಡಿಸುತ್ತದೆ.

ಒಂದು ಕಾರಿನ ಗಾಜಿಗೆ ಇಷ್ಟು ಪಾಡಾದರೆ ಎಕರೆಗಟ್ಟಲೆ ಗಾಜಿಗೆ? ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಈ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಸೌರ ವಿದ್ಯುತ್ ಫಲಕಗಳು ಹಬ್ಬಿವೆ. 2018ರ ಮಾರ್ಚಿನಲ್ಲಿ ಉದ್ಘಾಟನೆಯಾದ ಈ ‘ಶಕ್ತಿಸ್ಥಳ’ದ ಸಾಮರ್ಥ್ಯ 2,050 ಮೆಗಾವ್ಯಾಟ್. ನೆಲವನ್ನು ರೈತರಿಂದ ಕೊಂಡಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಆರಂಭಿಸಿ ಗುತ್ತಿಗೆಗೆ ಪಡೆಯಲಾಗಿದೆ. ಕಡಲೆಕಾಯಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಗಾಜಿನ ಸಾಲು, ಅದೂ ಇಡೀ ರಾತ್ರಿ ಆಕಾಶಕ್ಕೆ ಮುಖ ಮಾಡಿ ಒರಗಿದ ಗಾಜು. ವೆಲ್ಸನ ಪ್ರಬಂಧಕ್ಕೆ ಇಷ್ಟು ದೊಡ್ಡ ಪ್ರಯೋಗಶಾಲೆ ಬೇಕಿರಲಿಲ್ಲ.

ಜನವರಿಯ ತಿಳಿ ಬೆಳಗಿನಲ್ಲಿ ಸೂರ್ಯ ಮೇಲೆ ಬರುವ ಮುನ್ನ ಈ ಸಾಲುಗಳ ಪಕ್ಕ ನಿಂತವರಿಗೆ ಫಲಕಗಳ ಮೇಲಿನ ತೇವ ಕಾಣುತ್ತದೆ. ಹನಿಗಳು ಕೂಡಿ ಕೂಡಿ ಭಾರವಾಗಿ, ಧೂಳನ್ನೂ ಎಳೆದುಕೊಂಡು ಇಳಿಜಾರಿನ ಕಡೆಗೆ ಜಾರುತ್ತವೆ. ಅರ್ಧ ದಾರಿಯಲ್ಲೇ ಬಿಸಿಲು ಬಂದುಬಿಟ್ಟರೆ ನೀರು ಹೋಗಿ ಧೂಳು ಅಲ್ಲೇ ಕೂರುತ್ತದೆ, ಕೆಳಗಿನ ಅಂಚಿನಲ್ಲಿ ಬೆರಳಗಲ ಕಂದು ಪಟ್ಟಿಯಾಗಿ. ಆ ಪಟ್ಟಿಯಷ್ಟು ಬಿಸಿಲು ನಷ್ಟ, ವಿದ್ಯುತ್ತಿನ ನಷ್ಟ ಆ ನೆರಳಿನ ಅಳತೆಗಿಂತಲೂ ಹೆಚ್ಚಾಗಬಹುದು. ಉದ್ದ ಕೋಲಿನ ಕುಂಚ, ನೀರಿನ ಕೊಳವೆ ಹಿಡಿದು ಅದನ್ನು ತೊಳೆಯುವವರು ಅದೇ ಹಳ್ಳಿಗಳ ಜನ, ಕೆಲವರು ಅದೇ ನೆಲವನ್ನು ಉತ್ತವರು. ಒರೆಸಿದ ಫಲಕದಿಂದ ತೊಟ್ಟಿಕ್ಕಿದ ನೀರು ಕೆಳಗಿನ ಮಣ್ಣಿನಲ್ಲಿ ಸಾಲಾಗಿ ಸಣ್ಣ ಕುಳಿಗಳನ್ನು ಮಾಡಿದೆ. ಅಲ್ಲಿ ಒಂದಿಷ್ಟು ಗರಿಕೆ ಚಿಗುರುತ್ತದೆ. ಅದನ್ನು ಕೊಯ್ಯುವ ಕೆಲಸಕ್ಕೂ ಆಳುಗಳಿದ್ದಾರೆ.